ಆಬಾಸಾಹೇಬರ ಆರದ ಎಂಜಿನ್ನು

ಚಿಕ್ಕೋಡಿಯ ಪೆಟ್ರೋಲ್ ಪಂಪಿನಲ್ಲಿ ನೆರೆದ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ನಿಪ್ಪಾಣಿಯಲ್ಲಿ ಪೂಜೆಯಾಗಿ ಹೊರಟ ಆಬಾಸಾಹೇಬರ ಹೊಸ ಕಾರಿನ ಎಂಜಿನ್ನು ಉಗಾರದ ಮನೆ ಮುಟ್ಟುವ ತನಕ ಆರತಕ್ಕದ್ದಲ್ಲ. ಆರಿದರೆ ಆಬಾಸಾಹೇಬರು ಮೀಸೆ ಬೋಳಿಸಬೇಕು. "ಈ ಡಬ್ಬಿ ನಡುದಾರ್ಯಾಗ ಬಂದ್ ಬೀಳತೈತಿ" ಅಂತ ಪಂಥ ಕಟ್ಟಿದ ಅಣ್ಣ ಶ್ರೀಪಾಲ ಹಿಂದಿನ ಸೀಟಿನಲ್ಲೇ ಕೂತಿದ್ದಾನೆ. ಪೆಟ್ರೋಲಿನ ಮುಳ್ಳು ಮಾತ್ರ ಆಗಲೇ ಸೊನ್ನೆಗೆ ಅಡ್ಡಬಿದ್ದಿದೆ.

"ಸಾಹೇಬ್ರ, ಎಂಜಿನ್ ಬಂದ್ ಮಾಡ್ರಿ. ಪೆಟ್ರೋಲ್ ಹಬಿಗೆ ಒಂದ ಕಿಡಿ ಸಾಕ್ರಿ," ಎಂದ ಪಂಪಿನ ಆಳು ಮಲಕಾರಿ, ಪೈಪನ್ನು ಎದೆಗವಚಿಕೊಂಡು.

"ಬಂದ್ ಅನ್ನೂ ಮಾತ ನನ್ನ ಮುಂದ ಆಡಬ್ಯಾಡ ಲೇ! ಖುದ್ದ ಕಲೆಕ್ಟರ್ ಬಂದು ಹೇಳಿದ್ರೂ ಆರಸಾಂಗಿಲ್ಲ!" ಆಬಾಸಾಹೇಬರು ಎಂಜಿನ್ನಿಗಿಂತ ಜೋರಾಗಿ ಗುಡುಗಿದರು. ಹಿಂದೆ ನಿಂತ ಜೀಪುಗಳು ಹಾರ್ನ್ ಒದರಿದವು; ಅವರು ಜಗ್ಗಲಿಲ್ಲ.

"ಆತ್ರಿ, ನೀವ ಗೆದ್ರಿ," ಎಂದು ಮಲಕಾರಿ ನಕ್ಕ. "ಮೊದಲ ಟಾಕಿ ಮುಚ್ಚಳಾರ ತಗೀರಿ."

ಆಬಾಸಾಹೇಬರು ಗೆದ್ದ ಗತ್ತಿನಲ್ಲಿ ಇಳಿದು ಹೋಗಿ ನೋಡಿದರೆ ಮುಚ್ಚಳಕ್ಕೆ ಕೀಲಿ ಜಡಿದಿದೆ. ಅಂಗಿಯ ಕಿಸೆ ತಡಕಿದರು, ಧೋತರದ ಸೊಂಟ ತಡಕಿದರು.

"ತಮ್ಮಾ," ಶ್ರೀಪಾಲ ಕಿಟಕಿಯಿಂದ ತಲೆ ಹೊರಹಾಕಿದ, "ಮುಚ್ಚಳಕ್ಕೂ ಗಾಡಿಗೂ ಇರೂದು ಒಂದ ಕೀಲಿಕೈ. ಅದು ಇಲ್ಲೇ ನಿನ್ನ ಎಂಜಿನ್ ಚಾಲೂ ಇಟ್ಟೈತಿ. ಬಂದ್ ಮಾಡದ ಹೊರಗ ಬರಾಂಗಿಲ್ಲ."