ನಲವತ್ತೊಂದು ನಿಯಮ

ಹೊಸ ಫ್ಲ್ಯಾಟಿಗೆ ಬಂದ ಮೂರನೇ ದಿನ ನಿವಾಸಿಗಳ ಸಂಘದ ಕಾರ್ಯದರ್ಶಿ ನಿಯಮಾವಳಿ ತಂದುಕೊಟ್ಟರು. ಓದುತ್ತಾ ಹೋದಂತೆ ಜಲಜಾಕ್ಷಿಗೆ ಕೂತಲ್ಲಿ ಕೂರಲಾಗಲಿಲ್ಲ. ಲಿಫ್ಟಿನೆದುರು ಹಪ್ಪಳ ಒಣಗಿಸಬಾರದು. ಬಾಲ್ಕನಿಯಿಂದ ತಲೆಗೂದಲು ಎಸೆಯಬಾರದು. ಬೆಳಗಿನ ಜಾವ ಒರಳಿನಲ್ಲಿ ಕುಟ್ಟಬಾರದು. ಹೀಗೆ ನಲವತ್ತೊಂದು.

“ಏನ್ ಸಾರ್, ಇದು ಮನೆಯೋ ಜೈಲೋ?”

“ನಿಮಗಲ್ಲ ಮೇಡಂ. ಇಷ್ಟೂ ಮಾಡಿದ್ದು ನಿಮಗೆ ಈ ಮನೆ ಮಾರಿದ್ರಲ್ಲ, ಆಯಮ್ಮನಿಗೋಸ್ಕರ. ಒಂದನ್ನೂ ಕೇಳಲಿಲ್ಲ. ಕೆಳಗಿನ ಮನೆ ನಂದೇ, ಮೂರು ವರ್ಷ ನಿದ್ದೆ ಕಂಡಿಲ್ಲ.”

ಜಲಜಾಕ್ಷಿಗೆ ಹೋದ ಜೀವ ಬಂದಂತಾಯಿತು.

“ಸದ್ಯ! ಅಂತೂ ಮಾರಿಬಿಟ್ಟು ಹೋದ್ರಲ್ಲ.”

“ಗಾಳಿ ಬೆಳಕು ಸಾಲ್ದು ಅಂತ ಮಾರಿದ್ರು” ಎನ್ನುತ್ತಾ ಕಾರ್ಯದರ್ಶಿ ನೆಮ್ಮದಿಯಾಗಿ ಚಪ್ಪಲಿ ಮೆಟ್ಟಿಕೊಂಡರು. “ನಿಮ್ಮ ಮೇಲಿನ ಮನೆ ತಗೊಂಡಿದ್ದಾರೆ. ಗೃಹಪ್ರವೇಶ ನಾಡಿದ್ದು, ಒರಳು ಆಗ್ಲೇ ಬಂದಾಯ್ತು.”