ಪಂಚರ್ ಸೊಲ್ಯೂಷನ್ ಹಚ್ಚಿದ ವಿಮಾನ

ಮೊಮ್ಮಗಳು ಕಿಟಕಿ ತೆರೆದಿಟ್ಟು ಆಟದ ವಿಮಾನಕ್ಕೆ ಅಂಟು ಹಚ್ಚುವುದನ್ನು ನೋಡುತ್ತ ಹಿಗ್ಗಿ ಹೀರೇಕಾಯಿಯಾಗಿದ್ದೇನೆ, ಆದರೆ ಆ ಅಂಟಿನ ವಾಸನೆ ಮೂಗಿಗೆ ಬಡಿದೊಡನೆ ಮನಸ್ಸು ಹರಿಹರದಲ್ಲಿದ್ದ ಅಪ್ಪನ ಸೈಕಲ್ ಅಂಗಡಿಗೆ ಓಡುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನಗಾಗಿ ಬಿದಿರುಕಡ್ಡಿ, ಬಣ್ಣದ ಕಾಗದ ಸೇರಿಸಿ ವಿಮಾನ ಮಾಡುತ್ತಿದ್ದ. ರೆಕ್ಕೆಗೆ, ಟ್ಯೂಬಿನ ತೂತು ಮುಚ್ಚುವ ಪಂಚರ್ ಸೊಲ್ಯೂಷನ್ ಅಂಟು ಬಳಿದವನೇ ಅಭ್ಯಾಸಬಲದಿಂದ ಬೀಡಿ ಹಚ್ಚಲು ಬೆಂಕಿಕಡ್ಡಿ ಗೀರಿದ.

"ಸೊಲ್ಯೂಷನ್ ಹಸಿ ಐತ್ರೀ!" ಚಹಾ ತಂದ ಅವ್ವ ಕಿರುಚಿದಳು.

ಬೆಂಕಿ ರೆಕ್ಕೆಯುದ್ದಕ್ಕೂ ಸರ್ರನೆ ಓಡಿತು. ಅಪ್ಪ ವಿಮಾನವನ್ನು ಪಂಚರ್ ಹುಡುಕಲು ಟ್ಯೂಬು ಅದ್ದುವ ಬಾನಿಯ ನೀರಿಗೆ ಎಸೆದು, ನನ್ನ ಬೆರಳು, ಹುಬ್ಬು, ಕೂದಲು ಮುಟ್ಟಿ ಮುಟ್ಟಿ ನೋಡಿದ.

"ವಿಮಾನಕ್ಕಿಂತ ಮುಂಚೆ ಮಗಳನ್ನೇ ಹಾರಿಸ್ತಿದ್ರಲ್ರೀ!" ಅವ್ವ ಬೈದಳು.

"ಇನ್ನ ಈ ಅಂಟು ಬ್ಯಾಡ. ಮೈದಾ ಅಂಟು ಕುದಿಸು, ಒಣಗೋದು ತಡ ಆದ್ರೂ ಆಗ್ಲಿ," ಎಂದ ಅಪ್ಪ.

ಹೊಸ ರೆಕ್ಕೆ ಒಣಗುವವರೆಗೂ ಅವನು ನನ್ನನ್ನು ತೊಡೆಯಿಂದ ಇಳಿಸಲಿಲ್ಲ.