ಗಂಜಿ ಅಂಟಿಸಿದ ಪುಸ್ತಕ

ಈಗಲೂ ರಾಗಿ ಗಂಜಿ ಕುದಿಯುವ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ.

ಬಾಗೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನಾಗ ಏಳನೇ ತರಗತಿ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಪುಸ್ತಕದ ಬೀರುವನ್ನು ಹೊಸ ಮೇಷ್ಟ್ರು ತೆಗೆಸಿದ್ದರು.

"ಒಂದು ಪುಸ್ತಕ ಹರಿದ್ರೂ ಮತ್ತೆ ಬೀಗ ಹಾಕಿಸ್ತೀನಿ," ಎಂದಿದ್ದರು ಹೆಡ್‌ಮಾಸ್ಟರು.

ನಾನು ತಂದ ಕಥೆ ಪುಸ್ತಕ ನೋಡಿ ಅಜ್ಜಿ, "ಶಾಲೆದೈತೆ, ಕೊಳೆ ಆಗಬಾರ್ದು," ಎಂದು ರಾಗಿ ಗಂಜಿಯನ್ನೇ ಅಂಟು ಮಾಡಿ ಹಳೇ ಪೇಪರಿನ ಹೊದಿಕೆ ಹಾಕಿಕೊಟ್ಟಳು. ಒಣಗಲೆಂದು ಜಗಲಿಯ ಮೇಲಿಟ್ಟೆ. ಗಂಜಿಯ ಆಸೆಗೆ ನಮ್ಮ ಕುರಿಮರಿ ಹೊದಿಕೆಯ ಜೊತೆ ಕೊನೆಯ ಹಾಳೆಗಳನ್ನೂ ತಿಂದುಬಿಟ್ಟಿತು. ಅವನ್ನು ನಾನಿನ್ನೂ ಓದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ, ಪುಸ್ತಕ ವಾಪಸು ಕೊಡುವವರು ಎಲ್ಲರೆದುರು ಅದರ ಕಥೆ ಹೇಳಬೇಕಿತ್ತು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಪುಸ್ತಕವನ್ನು ಬೆನ್ನ ಹಿಂದೆ ಹಿಡಿದು, ಕಥೆಯ ಕೊನೆಯನ್ನು ನಾನೇ ಕಟ್ಟಿ ಹೇಳಿ ಮುಗಿಸಿದೆ. ಮೇಷ್ಟ್ರು ಕೈ ಚಾಚಿದರು. ಹಾಳೆ ತಿರುವಿದರು. ಹರಿದ ಅಂಚನ್ನು ಮೂಗಿನ ಹತ್ತಿರ ಹಿಡಿದರು. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಅವರು ಅದನ್ನು ಹೆಡ್‌ಮಾಸ್ಟರಿಗೆ ಕಾಣದಂತೆ ಬೀರುವಿನ ತಳಕ್ಕೆ ಸೇರಿಸಿ, ಇನ್ನೊಂದು ಪುಸ್ತಕ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು:

"ಈ ಸಾರಿ ಗಂಜಿ ಬ್ಯಾಡವ್ವ. ಕೊನೆತನಕ ನೀನೇ ಓದು."